ಬೆನ್ನುಚೀಲದಲ್ಲಿ ಎಚ್‌ಎಫ್ ಸ್ಟೇಷನ್: ರಿಗ್ ಮೊದಲೋ, ತಂತಿ ಮೊದಲೋ?

ಕೆಂಗೇರಿ_ತಂತಿ · ಭಾನುವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಹ್ಯಾಮ್ ರೇಡಿಯೋದ ಜನರಲ್ ಗ್ರೇಡ್ ಲೈಸೆನ್ಸ್ ಈಚೆಗಷ್ಟೇ ಕೈಗೆ ಬಂತು. ಎಚ್‌ಎಫ್ (ಶಾರ್ಟ್‌ವೇವ್) ಬ್ಯಾಂಡ್‌ಗಳಲ್ಲಿ ಮಾತಾಡುವ ಆಸೆ. ಮನೆ ಕೆಂಗೇರಿ ಹತ್ತಿರ, ಅಪಾರ್ಟ್‌ಮೆಂಟಿನ ಮೂರನೇ ಮಹಡಿ. ಟೆರೇಸಿನಲ್ಲಿ ಆಂಟೆನಾ ತಂತಿ ಕಟ್ಟಲು ಅಸೋಸಿಯೇಷನ್‌ನವರು ಒಪ್ಪುತ್ತಿಲ್ಲ. ಸ್ನೇಹಿತರ ರಿಗ್ (ರೇಡಿಯೋ ಸೆಟ್) ತಂದು ಬಾಲ್ಕನಿಯಲ್ಲಿ ಕೇಳಿದರೆ 40 ಮೀಟರ್ ಬ್ಯಾಂಡಿನಲ್ಲಿ (7 ಮೆಗಾಹರ್ಟ್ಸ್ ಆಸುಪಾಸು) ಬರೀ ಜರ್ರ್ ಅಂತ ಸದ್ದು. ಸಿಗ್ನಲ್ ಬಲ ತೋರಿಸುವ ಎಸ್ ಮೀಟರ್ 9ರಿಂದ ಕೆಳಗೆ ಇಳಿಯುವುದೇ ಇಲ್ಲ.

ಹಾಗಾಗಿ ಭಾನುವಾರಗಳಲ್ಲಿ ಮಾಗಡಿ, ರಾಮನಗರ ಕಡೆ ಹೋಗಿ ಆಪರೇಟ್ ಮಾಡೋಣ ಅಂದುಕೊಂಡಿದ್ದೇನೆ. ಊರು ತೀರ್ಥಹಳ್ಳಿ ಹತ್ತಿರ, ಅಡಿಕೆ ತೋಟ ಇದೆ. ಹಬ್ಬಕ್ಕೆ ಹೋದಾಗ ಅಲ್ಲೂ ಹಾಕಬಹುದು. ಬಜೆಟ್ ಎಲ್ಲಾ ಸೇರಿ ಅರವತ್ತು ಸಾವಿರದ ಆಸುಪಾಸು. ಜಿ90, ಐಸಿ-705, ಸೆಕೆಂಡ್ ಹ್ಯಾಂಡ್ ಎಫ್‌ಟಿ-818, ಈ ರಿಗ್‌ಗಳಲ್ಲಿ ಯಾವುದು ತಗೊಳ್ಳಲಿ?

ಹಳೇರಿಗ್_ಮೈಸೂರು · ಭಾನುವಾರ, ರಾತ್ರಿ 10:15

ಲೈಸೆನ್ಸ್‌ಗೆ ಅಭಿನಂದನೆ ಓಎಂ (ಹ್ಯಾಮ್ ಗೆಳೆಯ). ರಿಗ್ ವಿಷಯ ಕೊನೆಗೆ ಇಟ್ಟುಕೊಳ್ಳೋಣ. ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ, ದುಡ್ಡೆಲ್ಲ ಅಲ್ಲೇ ಮುಗಿಯುತ್ತದೆ. ಆಮೇಲೆ ಬ್ಯಾಟರಿಗೂ ತಂತಿಗೂ ಚಿಲ್ಲರೆ ಹುಡುಕುತ್ತಾರೆ.

ಮೊದಲು ಯಾರ ಜೊತೆ ಮಾತಾಡಬೇಕು ಅಂತ ನಿರ್ಧಾರ ಮಾಡಿ. ಬೆಳಿಗ್ಗೆ ಮೈಸೂರು, ಹೈದರಾಬಾದ್, ಚೆನ್ನೈ, ಕೇರಳದವರ ಜೊತೆ ಹರಟೆ ಹೊಡೆಯಬೇಕಾ? ಹಾಗಾದರೆ 40 ಮೀಟರ್. ಸಿಗ್ನಲ್ ಹೆಚ್ಚು ಕಡಿಮೆ ನೆತ್ತಿಯ ಮೇಲಕ್ಕೆ ಹೋಗಿ ಕೆಳಗೆ ಬರಬೇಕು. ಅದಕ್ಕೆ ಐದಾರು ಮೀಟರ್ ಎತ್ತರದ ಡೈಪೋಲ್ (ನಡುವೆ ಕೇಬಲ್, ಎರಡು ಕಡೆ ತಂತಿ) ಸಾಕು, ಎತ್ತರದ ಟವರ್ ಬೇಡವೇ ಬೇಡ. ಮಧ್ಯಾಹ್ನ ಬಿಸಿಲು ಏರಿದಾಗ ಮೇಲಿನ ವಾತಾವರಣದ ಡಿ ಪದರ ಸಿಗ್ನಲ್ ನುಂಗುತ್ತದೆ, ಆಗ 40 ಮಂಕು. ಯೂರೋಪ್ ಬೇಕು ಅಂದರೆ 20 ಮೀಟರ್, ಸಂಜೆ ಹೊತ್ತು. ಆ ಬ್ಯಾಂಡಿನಲ್ಲಿ ಬೆಂಗಳೂರಿನಲ್ಲಿ ಕೂತವರಿಗೆ ನಾನು ಕೇಳಿಸುವುದೇ ಇಲ್ಲ, ಜರ್ಮನಿಯವನಿಗೆ ಕೇಳಿಸುತ್ತೇನೆ.

ವ್ಯಾಟ್ ಬಗ್ಗೆಯೂ ಹೇಳಿಬಿಡುತ್ತೇನೆ. 5 ವ್ಯಾಟ್‌ನಿಂದ 20ಕ್ಕೆ ಹೋದರೆ 6 ಡಿಬಿ (ಡೆಸಿಬೆಲ್). ಅಂದರೆ ಆ ಕಡೆಯವರ ಮೀಟರಿನಲ್ಲಿ ಒಂದೇ ಒಂದು ಎಸ್ ಯೂನಿಟ್. 20ರಿಂದ 100ಕ್ಕೆ ಇನ್ನೊಂದು 7 ಡಿಬಿ. ನೀವು ಕೆಂಗೇರಿ ಬಿಟ್ಟು ಕರೆಂಟ್ ಲೈನ್ ಇಲ್ಲದ ಬಯಲಿಗೆ ಹೋದರೆ ನಾಯ್ಸ್ ಎಸ್ 9ರಿಂದ 2ಕ್ಕೋ 3ಕ್ಕೋ ಇಳಿಯುತ್ತದೆ. ಅಂದರೆ 36 ಡಿಬಿಗಿಂತ ಕಡಿಮೆ ಇಲ್ಲ. ಇಷ್ಟು ಲಾಭ ಯಾವ ರಿಗ್‌ನಲ್ಲೂ ಇಲ್ಲ.

ಡಾಡಿಟ್_ಶಿರಸಿ · ಭಾನುವಾರ, ರಾತ್ರಿ 10:52

ಹಳೇರಿಗ್ ಸರ್ ಹೇಳಿದ್ದು ಸರಿ, ಆದರೆ ಅರ್ಧ ಸರಿ. ನಾಯ್ಸ್ ಇಳಿಯುವುದು *ನಮ್ಮ* ಕಿವಿಗೆ. ನಮ್ಮ ಸಿಗ್ನಲ್ ಕೇಳಬೇಕಾದವರು ಇನ್ನೂ ಊರಿನ ನಡುವೆ ಎಲ್‌ಇಡಿ ಬಲ್ಬ್, ಇನ್ವರ್ಟರ್ ಪಕ್ಕದಲ್ಲೇ ಕೂತಿರುತ್ತಾರೆ. ನಮಗೆ ಅವರು ಸ್ಪಷ್ಟವಾಗಿ ಕೇಳಿಸುತ್ತಾರೆ, ಅವರಿಗೆ ನಾವು ಕೇಳಿಸುವುದಿಲ್ಲ. ಪೋರ್ಟಬಲ್ ಮಾಡುವವರ ನಿತ್ಯದ ಗೋಳು ಇದು. ಅದಕ್ಕೇ ಧ್ವನಿಯಲ್ಲಿ 5 ವ್ಯಾಟ್‌ಗೂ 20 ವ್ಯಾಟ್‌ಗೂ ಇರುವ ಆ ಒಂದು ಎಸ್ ಯೂನಿಟ್ ಕೆಲವೊಮ್ಮೆ ಕೆಲಸ ಉಳಿಸುತ್ತದೆ.

ಜನರಲ್ ಗ್ರೇಡ್ ಅಂದಮೇಲೆ ಮಾರ್ಸ್ ಕೋಡ್ ಪಾಸ್ ಮಾಡಿದ್ದೀರಿ. ಅದನ್ನು ಬಿಡಬೇಡಿ. 5 ವ್ಯಾಟ್ ಸಿಡಬ್ಲ್ಯೂಗೆ (ಮಾರ್ಸ್) ಸಿಗುವ ಉತ್ತರ 5 ವ್ಯಾಟ್ ಎಸ್‌ಎಸ್‌ಬಿಗೆ (ಧ್ವನಿ) ಸಿಗುವುದಿಲ್ಲ. ಕೀ ಕೊಳ್ಳಲು ದುಡ್ಡಿಲ್ಲ ಅಂದರೆ ಹ್ಯಾಕ್ಸಾ ಬ್ಲೇಡಿನ ಎರಡು ತುಂಡು, ಒಂದು ಮರದ ಚೂರು, ನಾಲ್ಕು ಸ್ಕ್ರೂ. ಮಾರ್ಸ್ ಕಳಿಸುವ ಪ್ಯಾಡಲ್ ರೆಡಿ. ಬ್ಲೇಡಿನ ಬಣ್ಣ ಕೆರೆದು ವೈರ್ ಬೆಸುಗೆ ಹಾಕಿ, ಇಲ್ಲದಿದ್ದರೆ ಕಾಂಟ್ಯಾಕ್ಟ್ ಸಿಗುವುದಿಲ್ಲ.

ಕೆಂಗೇರಿ_ತಂತಿ · ಸೋಮವಾರ, ಬೆಳಿಗ್ಗೆ 7:30

ಮೇಡಂ, ಪರೀಕ್ಷೆ ಮುಗಿದ ದಿನವೇ ಮಾರ್ಸ್ ಅರ್ಧ ಮರೆತುಹೋಯ್ತು. ಸದ್ಯಕ್ಕೆ ಮಾತೇ. ಆಂಟೆನಾ ಮೊದಲು ಅಂದಿರಲ್ಲ, ಯಾವುದು? ಎಲ್ಲಾ ಕಡೆ ಎಂಡ್ ಫೆಡ್ (ತುದಿಯಲ್ಲೇ ಕೇಬಲ್ ಸೇರುವ ತಂತಿ), ಎಂಡ್ ಫೆಡ್ ಅಂತಲೇ ಹೇಳುತ್ತಾರೆ.

ಬವೇರಿಯಾ_ಕನ್ನಡಿಗ · ಸೋಮವಾರ, ಮಧ್ಯಾಹ್ನ 1:05

ಇಲ್ಲಿ ಮ್ಯೂನಿಕ್ ಕಡೆಯಿಂದ ನಾನು. ವಾರಾಂತ್ಯದಲ್ಲಿ ಸೋಟಾ ಮಾಡುತ್ತೇನೆ, ಬೆಟ್ಟದ ತುದಿಗೆ ಹೋಗಿ ಆಪರೇಟ್ ಮಾಡುವ ಕಾರ್ಯಕ್ರಮ. 2002ರಲ್ಲಿ ಬ್ರಿಟನ್ನಿನಲ್ಲಿ ಶುರುವಾದದ್ದು. ಪಾಯಿಂಟ್ ಬೇಕಾದರೆ ಕನಿಷ್ಠ ನಾಲ್ಕು ಸಂಪರ್ಕ ಆಗಬೇಕು. ಸಾಮಾನೆಲ್ಲ ಹೊತ್ತುಕೊಂಡೇ ಹೋಗಬೇಕು, ಜನರೇಟರ್ ನಡೆಯುವುದಿಲ್ಲ. ಆ ನಿಯಮಕ್ಕೇ ಜನ ಗ್ರಾಂ ಗ್ರಾಂ ಲೆಕ್ಕ ಹಾಕುವುದು.

ನನ್ನದು ಎಂಡ್ ಫೆಡ್ ಹಾಫ್ ವೇವ್. 20 ಮೀಟರ್ ತಂತಿ, ಒಂದು ತುದಿಯಲ್ಲಿ 49:1 ಟ್ರಾನ್ಸ್‌ಫಾರ್ಮರ್. ತುದಿಯಲ್ಲಿ ಇಂಪೀಡೆನ್ಸ್ (ಆರ್‌ಎಫ್ ಅಂದರೆ ರೇಡಿಯೋ ಕರೆಂಟಿಗೆ ತಡೆ) ಎರಡೂವರೆ ಸಾವಿರ ಓಮ್ ಹತ್ತಿರ ಇರುತ್ತದೆ, 49ರಿಂದ ಭಾಗಿಸಿದರೆ ರಿಗ್‌ಗೆ ಬೇಕಾದ 50. ಎಫ್‌ಟಿ140-43 ಟೊರಾಯ್ಡ್ (ಫೆರೈಟ್ ಉಂಗುರ) ಮೇಲೆ ಪ್ರೈಮರಿ 2 ಸುತ್ತು, ಸೆಕೆಂಡರಿ 14 ಸುತ್ತು. ಪ್ರೈಮರಿಗೆ ಅಡ್ಡಲಾಗಿ 100 ಪಿಕೋಫ್ಯಾರಡ್ ಕೆಪ್ಯಾಸಿಟರ್ ಹಾಕಿದರೆ ಮೇಲಿನ ಬ್ಯಾಂಡ್‌ಗಳಲ್ಲಿ ಎಸ್‌ಡಬ್ಲ್ಯೂಆರ್ (ಆಂಟೆನಾ ರಿಗ್‌ಗೆ ಎಷ್ಟು ಹೊಂದುತ್ತದೆ ಅನ್ನುವ ಅಳತೆ) ಸುಧಾರಿಸುತ್ತದೆ. ಒಂದೇ ತಂತಿಯಲ್ಲಿ 40, 20, 15, 10 ನಾಲ್ಕೂ ಕೆಲಸ ಮಾಡುತ್ತವೆ. ಒಂದು ತುದಿ ಮರಕ್ಕೆ, ಇನ್ನೊಂದು ತುದಿ ಕಾಲ ಬಳಿ. ಒಬ್ಬರೇ ಇದ್ದಾಗ ಇದಕ್ಕಿಂತ ಸುಲಭ ಇಲ್ಲ.

ಹಳೇರಿಗ್_ಮೈಸೂರು · ಸೋಮವಾರ, ಸಂಜೆ 6:20

ಟೊರಾಯ್ಡ್ ಬಗ್ಗೆ ಒಂದು ಎಚ್ಚರಿಕೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಹಳೇ ಕಂಪ್ಯೂಟರ್ ಪವರ್ ಸಪ್ಲೈಯಿಂದ ಕಿತ್ತ ಹಳದಿ-ಬಿಳಿ ರಿಂಗ್ ರಾಶಿ ರಾಶಿ ಸಿಗುತ್ತದೆ. "ಫೆರೈಟ್ ಸಾರ್, ಬಿಸಿ ಆಗಲ್ಲ" ಅನ್ನುತ್ತಾರೆ. ಅದು ಫೆರೈಟ್ ಅಲ್ಲವೇ ಅಲ್ಲ. ಕಬ್ಬಿಣದ ಪುಡಿಯದ್ದು, 26ನೇ ನಂಬರ್ ಮಿಕ್ಸ್. ಕಡಿಮೆ ಫ್ರೀಕ್ವೆನ್ಸಿಗೆ ಮಾಡಿದ್ದು, ಎಚ್‌ಎಫ್ ಟ್ರಾನ್ಸ್‌ಫಾರ್ಮರ್‌ಗೆ ಆಗುವುದಿಲ್ಲ.

ಎಂಡ್ ಫೆಡ್‌ನಲ್ಲಿ ನನಗೆ ಇಷ್ಟ ಆಗದ ವಿಷಯ ಬೇರೆ. ಕೇಬಲ್ಲಿನ ಹೊರಮೈಯೇ ಆಂಟೆನಾದ ಇನ್ನೊಂದು ಭಾಗ ಆಗಿಬಿಡುತ್ತದೆ. ಆರ್‌ಎಫ್ ನೇರವಾಗಿ ರಿಗ್‌ಗೆ ಬರುತ್ತದೆ, ಮೈಕ್ ತುಟಿಗೆ ತಾಗಿದರೆ ಚುರ್ ಅನ್ನುತ್ತದೆ. ರಿಗ್ ಹತ್ತಿರ ಅದನ್ನು ತಡೆಯುವ ಒಂದು ಚೋಕ್ ಹಾಕಲೇಬೇಕು. ತೂಕ ಅಲ್ಲಿಗೆ ಸಮ ಆಯ್ತಲ್ಲ.

ಹೊಸಬರಿಗೆ ನಾನು ಹೇಳುವುದು ಲಿಂಕ್ಡ್ ಡೈಪೋಲ್. ಟ್ರಾನ್ಸ್‌ಫಾರ್ಮರ್ ಇಲ್ಲ, ಟ್ಯೂನರ್ (ಆಂಟೆನಾವನ್ನು ರಿಗ್‌ಗೆ ಹೊಂದಿಸುವ ಸರ್ಕ್ಯೂಟ್) ಬೇಡ, ಎಲ್ಲಾ ಕೈಯಲ್ಲೇ ಆಗುತ್ತದೆ. 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿ. 14.2ಕ್ಕೆ ಒಟ್ಟು 10 ಮೀಟರ್ ಚಿಲ್ಲರೆ, ಅಂದರೆ ಒಂದೊಂದು ಕಡೆ 5.03. 7.1ಕ್ಕೆ ಒಂದೊಂದು ಕಡೆ 10.07. ನಡುವಿನಿಂದ 5 ಮೀಟರ್‌ಗೆ ತಂತಿ ಕತ್ತರಿಸಿ, ಅಲ್ಲೊಂದು ಪ್ಲಾಸ್ಟಿಕ್ ತುಂಡು ಕಟ್ಟಿ, ಎರಡು ತುದಿಗೂ ಆಟೋಮೊಬೈಲ್ ಅಂಗಡಿಯ ಬುಲೆಟ್ ಕನೆಕ್ಟರ್ ಹಾಕಿ. ಅದೇ ಲಿಂಕ್. ಬಿಚ್ಚಿದರೆ 20 ಮೀಟರ್ ಬ್ಯಾಂಡ್, ಸೇರಿಸಿದರೆ 40. ಸೇರಿಸಿದ್ದಾಗ 15 ಮೀಟರ್ ಬ್ಯಾಂಡಿನಲ್ಲೂ ಒಂದಷ್ಟು ಮಟ್ಟಿಗೆ ನಡೆಯುತ್ತದೆ. ಪ್ಲಾಸ್ಟಿಕ್ ತುಂಡಿಗೆ ಅಡುಗೆಮನೆಯ ಹಳೇ ಕಟಿಂಗ್ ಬೋರ್ಡ್ ಒಳ್ಳೆಯದು. ಮನೆಯವರನ್ನು ಕೇಳಿ ತಗೊಳ್ಳಿ.

ಮೊದಲು ಎರಡೂ ಕಡೆ ಒಂದೊಂದು ಗೇಣು ಜಾಸ್ತಿ ಬಿಡಿ. ಪ್ಲಾಸ್ಟಿಕ್ ಹೊದಿಕೆಯ ತಂತಿ ಲೆಕ್ಕಕ್ಕಿಂತ ಸ್ವಲ್ಪ ಗಿಡ್ಡವೇ ಬೇಕಾಗುತ್ತದೆ, ಆದರೆ ಕತ್ತರಿಸಿದ್ದನ್ನು ಬೆಳೆಸಲು ಆಗುವುದಿಲ್ಲ. ಮೊದಲು 20 ಮೀಟರ್ ಬ್ಯಾಂಡ್ ಸರಿ ಮಾಡಿ, ಆಮೇಲೆ ಲಿಂಕ್ ಸೇರಿಸಿ 40. ಉಲ್ಟಾ ಮಾಡಿದರೆ ಎರಡೆರಡು ಸಲ ಕೆಲಸ. ಆಂಟೆನಾ ಅಳೆಯುವ ಪುಟ್ಟ ಉಪಕರಣ ನ್ಯಾನೋವಿಎನ್‌ಎ ಇದ್ದರೆ ಗ್ರಾಫ್ ಕಣ್ಣಿಗೇ ಕಾಣುತ್ತದೆ.

ಬವೇರಿಯಾ_ಕನ್ನಡಿಗ · ಸೋಮವಾರ, ರಾತ್ರಿ 11:48

ಸರ್, ಬ್ಯಾಂಡ್ ಬದಲಿಸಲು ಪ್ರತಿ ಸಲ ಎದ್ದು ಹೋಗಿ ಲಿಂಕ್ ಬಿಚ್ಚಬೇಕಲ್ಲ! ಹಿಮದಲ್ಲಿ ಒಮ್ಮೆ ಮಾಡಿ ನೋಡಿ, ಆಮೇಲೆ ಹೇಳಿ 😄

ಹಳೇರಿಗ್_ಮೈಸೂರು · ಮಂಗಳವಾರ, ಬೆಳಿಗ್ಗೆ 6:10

ಮಾಗಡಿಯಲ್ಲಿ ಹಿಮ ಬೀಳುವುದಿಲ್ಲ. ಎದ್ದು ನಾಲ್ಕು ಹೆಜ್ಜೆ ನಡೆದರೆ ಮಂಡಿಗೂ ಒಳ್ಳೆಯದು.

ಬ್ಯಾಟರಿ_ಭಟ್ · ಮಂಗಳವಾರ, ಬೆಳಿಗ್ಗೆ 9:25

ಆಂಟೆನಾ ಜಗಳ ನಡೆಯಲಿ. ನಾನು ನನ್ನ ಕ್ಷೇತ್ರಕ್ಕೆ ಬರುತ್ತೇನೆ.

ಯುಪಿಎಸ್‌ನ 12 ವೋಲ್ಟ್ 7 ಎಎಚ್ (ಆಂಪಿಯರ್-ಅವರ್) ಲೆಡ್ ಬ್ಯಾಟರಿ ಎರಡು ಕೆಜಿಗೂ ಜಾಸ್ತಿ. ಬಾಳಿಕೆ ಬರಬೇಕಾದರೆ ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಬಾರದು. ಅಂದರೆ ಹೊತ್ತದ್ದು ಏಳು, ಬಳಸಿದ್ದು ಮೂರೂವರೆ. ಪೋರ್ಟಬಲ್‌ಗೆ ಬೇಡ.

ಲಿಥಿಯಂ ಐರನ್ ಫಾಸ್ಫೇಟ್ ತಗೊಳ್ಳಿ. ಒಂದು ಸೆಲ್ 3.2 ವೋಲ್ಟ್, ನಾಲ್ಕು ಸರಣಿಯಲ್ಲಿ ಹಾಕಿದರೆ 12.8. ರಿಗ್‌ಗೆ ಹೇಳಿ ಮಾಡಿಸಿದ ವೋಲ್ಟೇಜ್. 32700 ಅಂತ ದಪ್ಪ ಸೆಲ್ ಬರುತ್ತದೆ, 6 ಎಎಚ್, ಒಂದೊಂದು ನೂರೈವತ್ತು ಗ್ರಾಂ ಒಳಗೆ. ನಾಲ್ಕು ಸೆಲ್, ಬಿಎಂಎಸ್ (ಸೆಲ್‌ಗಳನ್ನು ಕಾಪಾಡುವ ಬೋರ್ಡ್), ವೈರ್ ಎಲ್ಲಾ ಸೇರಿ ಮುಕ್ಕಾಲು ಕೆಜಿ. ಬಿಎಂಎಸ್ 20 ಆಂಪಿಯರ್‌ದು ಹಾಕಿ. ಜಿ90 ಪೂರ್ತಿ ಪವರ್‌ನಲ್ಲಿ 8 ಆಂಪಿಯರ್‌ವರೆಗೆ ಎಳೆಯಬಹುದು, ಚಿಕ್ಕ ಬಿಎಂಎಸ್ ಆದರೆ ಮಾತಿನ ಮಧ್ಯೆ ಫಟ್ ಅಂತ ಕಟ್ ಆಗುತ್ತದೆ.

ಎಷ್ಟು ಹೊತ್ತು ಬರುತ್ತದೆ? ಜಿ90 ಸುಮ್ನೆ ಕೇಳುವಾಗಲೇ ಅರ್ಧ ಆಂಪಿಯರ್ ತಿನ್ನುತ್ತದೆ. ಎಸ್‌ಎಸ್‌ಬಿಯಲ್ಲಿ ಮಾತಾಡುವಾಗ ಸರಾಸರಿ 3 ಆಂಪಿಯರ್ ಅಂದುಕೊಳ್ಳಿ. ಕಾಲು ಭಾಗ ಮಾತು, ಮುಕ್ಕಾಲು ಭಾಗ ಕೇಳುವುದು. ಗಂಟೆಗೆ 1.1 ಎಎಚ್ ಚಿಲ್ಲರೆ ಆಯ್ತು. 6 ಎಎಚ್‌ನಲ್ಲಿ ಹತ್ತು ಪರ್ಸೆಂಟ್ ಉಳಿಸಿಕೊಂಡರೂ ನಾಲ್ಕೂವರೆ ಗಂಟೆ ಬರುತ್ತದೆ. ಎಫ್‌ಟಿ8 (ಕಂಪ್ಯೂಟರ್ ಮೂಲಕ ಕಳಿಸುವ ಡಿಜಿಟಲ್ ವಿಧಾನ) ಮಾಡಿದರೆ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಅರ್ಧ ಸಮಯ ಪೂರ್ತಿ ಪವರ್ ಹೋಗುತ್ತಿರುತ್ತದೆ, ರಿಗ್ಗೂ ಬಿಸಿಯಾಗುತ್ತದೆ.

ಇನ್ನು ಮೋಸದ ವಿಷಯ. ಆನ್‌ಲೈನ್‌ನಲ್ಲಿ ಒಂದು ಕಡೆ "12 ಎಎಚ್" ಅಂತ ಪ್ಯಾಕ್ ತರಿಸಿದೆ. ಅಂಗೈಯಲ್ಲಿ ಹಿಡಿದಾಗಲೇ ಹಗುರ ಅನ್ನಿಸಿತು. ಬಿಚ್ಚಿದರೆ ಯಾವುದೋ ಹಳೇ ಲ್ಯಾಪ್‌ಟಾಪಿನ 18650 ಸೆಲ್‌ಗಳಿಗೆ ಹೊಸ ನೀಲಿ ಕವಚ. ಆ ಅಳತೆಯ ಒಳ್ಳೇ ಸೆಲ್‌ನಲ್ಲೂ 3500 ಎಂಎಎಚ್ ಆಸುಪಾಸು ಅಷ್ಟೇ ಹಿಡಿಸುವುದು. ಮೇಲೆ 9900 ಅಂತ ಬರೆದಿದ್ದರೆ ಅಂಗಡಿಗೇ ವಾಪಸ್ ಕೊಡಿ. ತೂಕ ನೋಡುವುದೇ ಸುಲಭದ ಪರೀಕ್ಷೆ.

ಇನ್ನೊಂದು ಮಾತು: ಈ ಬ್ಯಾಟರಿಯ ವೋಲ್ಟೇಜ್ ನೋಡಿ ಎಷ್ಟು ಉಳಿದಿದೆ ಅಂತ ಹೇಳಲು ಆಗುವುದಿಲ್ಲ. ಕೊನೆಯವರೆಗೂ 13ರ ಹತ್ತಿರವೇ ನಿಂತಿರುತ್ತದೆ, ಆಮೇಲೆ ದಿಢೀರ್ ಕುಸಿತ. ಚಾರ್ಜರ್ 14.6 ವೋಲ್ಟಿನದ್ದು ಬೇಕು. ಬ್ಯಾಟರಿಗೆ ಅಂಟಿದಂತೆಯೇ 10 ಆಂಪಿಯರ್ ಫ್ಯೂಸ್. ರಿಗ್ ಕಡೆ ಅಲ್ಲ, *ಬ್ಯಾಟರಿ ಕಡೆ*. ಬ್ಯಾಗಿನಲ್ಲಿ ವೈರ್ ಉಜ್ಜಿ ಶಾರ್ಟ್ ಆದರೆ ಕಾಪಾಡುವುದು ಅದೇ.

ಬವೇರಿಯಾ_ಕನ್ನಡಿಗ · ಮಂಗಳವಾರ, ಮಧ್ಯಾಹ್ನ 12:30

ಭಟ್ರೇ, ಒಂದು ಸೇರಿಸುತ್ತೇನೆ. ವಿಮಾನದಲ್ಲಿ ತರುವವರಿಗೆ 100 ವ್ಯಾಟ್-ಅವರ್ ಮಿತಿ. 12.8 ಗುಣಿಸು 6 ಅಂದರೆ 77ರ ಒಳಗೆ, ಹಾಗಾಗಿ ತೊಂದರೆ ಇಲ್ಲ. ಬಿಡಿ ಬ್ಯಾಟರಿ ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಸಾಮಾನಿನಲ್ಲಿ ಹಾಕುವ ಹಾಗಿಲ್ಲ. ನಮ್ಮ ಕಡೆ ಚಳಿಗಾಲದಲ್ಲಿ ಸೊನ್ನೆ ಡಿಗ್ರಿ ಕೆಳಗೆ ಚಾರ್ಜ್ ಮಾಡಬಾರದು ಅನ್ನುವುದೂ ನೆನಪಿರಬೇಕು. ನಿಮಗೆ ಆ ಚಿಂತೆ ಇಲ್ಲ ಬಿಡಿ.

ಸುಮ್ನೆ_ಕೇಳುಗ · ಮಂಗಳವಾರ, ಸಂಜೆ 7:15

ಸೋಲಾರ್ ಪ್ಯಾನೆಲ್ ಒಯ್ದರೆ ಬ್ಯಾಟರಿ ಚಿಕ್ಕದು ಸಾಕಲ್ವಾ?

ಬ್ಯಾಟರಿ_ಭಟ್ · ಮಂಗಳವಾರ, ಸಂಜೆ 7:40

ಅರ್ಧ ದಿನದ ಕಾರ್ಯಕ್ರಮಕ್ಕೆ ಬೇಡ. ಅಗ್ಗದ ಚಾರ್ಜ್ ಕಂಟ್ರೋಲರ್‌ಗಳು ಎಚ್‌ಎಫ್‌ನಲ್ಲಿ ಕರ್ಕಶ ಸದ್ದು ಮಾಡುತ್ತವೆ. ನಾಯ್ಸ್ ತಪ್ಪಿಸಿಕೊಳ್ಳಲು ಬೆಟ್ಟ ಹತ್ತಿ ನಾಯ್ಸ್ ಮೆಷಿನನ್ನು ಜೊತೆಗೇ ಕರೆದುಕೊಂಡು ಹೋದ ಹಾಗೆ. ಎರಡು ಮೂರು ದಿನ ಕ್ಯಾಂಪ್ ಇದ್ದರೆ ಮಾತ್ರ ಒಯ್ಯಿರಿ. ಆಪರೇಟ್ ಮಾಡುವಾಗ ಕಳಚಿಡಿ.

ಕೆಂಗೇರಿ_ತಂತಿ · ಬುಧವಾರ, ಬೆಳಿಗ್ಗೆ 8:05

ಎಲ್ಲರಿಗೂ ಥ್ಯಾಂಕ್ಸ್. ಇಷ್ಟು ನಿರೀಕ್ಷೆ ಮಾಡಿರಲಿಲ್ಲ. ಲಿಂಕ್ಡ್ ಡೈಪೋಲ್ ಅಂತ ಮನಸ್ಸು ಮಾಡಿದ್ದೇನೆ. ಕಂಬಕ್ಕೆ ಏನು ಮಾಡಲಿ? ಊರಲ್ಲಿ ಅಪ್ಪ ಅಡಿಕೆ ಕೊಯ್ಯಲು, ಔಷಧಿ ಹೊಡೆಯಲು ಹೊಸ ಕಾರ್ಬನ್ ಫೈಬರ್ ದೋಟಿ ತಂದಿದ್ದಾರೆ. ಹೂವಿನಷ್ಟು ಹಗುರ, ಮರದ ತುದಿ ಮುಟ್ಟುತ್ತದೆ. ಅದಕ್ಕೇ ಡೈಪೋಲ್ ಕಟ್ಟಿದರೆ?

ಡಾಡಿಟ್_ಶಿರಸಿ · ಬುಧವಾರ, ಬೆಳಿಗ್ಗೆ 8:12

ಬೇಡ ಬೇಡ ಬೇಡ.

ಕಾರ್ಬನ್ ಫೈಬರ್‌ನಲ್ಲಿ ಕರೆಂಟ್ ಹರಿಯುತ್ತದೆ. ತಂತಿ ಪಕ್ಕ ಇಟ್ಟರೆ ಆಂಟೆನಾ ಟ್ಯೂನ್ ಕೆಡುತ್ತದೆ, ಅದು ಸಣ್ಣ ವಿಷಯ. ತೋಟದ ಪಕ್ಕದ ವಿದ್ಯುತ್ ಲೈನಿಗೆ ತಾಗಿದರೆ ಹಿಡಿದವರ ಜೀವ ಹೋಗುತ್ತದೆ. ಅಡಿಕೆ ಕೊಯ್ಯುವಾಗಲೂ ಇದೇ ಭಯ ಇದೆ. ಅಪ್ಪನಿಗೂ ಒಂದು ಮಾತು ಹೇಳಿ.

ಫೈಬರ್ ಗ್ಲಾಸ್‌ನ ಮೀನು ಹಿಡಿಯುವ ಟೆಲಿಸ್ಕೋಪಿಕ್ ಕೋಲು ತಗೊಳ್ಳಿ, ಆರೇಳು ಮೀಟರಿನದ್ದು. ಕೊಳ್ಳುವಾಗ ಮೇಲೆ ಕಾರ್ಬನ್ ಅಂತ ಬರೆದಿಲ್ಲ ತಾನೇ ಅಂತ ನೋಡಿ. ಕೊನೆಯ ಕಡ್ಡಿಯಂಥ ತುಂಡು ತೆಗೆದುಬಿಡಿ, ಅದು ತಂತಿಯ ಭಾರಕ್ಕೆ ಬಾಗುತ್ತದೆ. ಬಯಲಲ್ಲಿ ಮೂರು ದಾರ ಎಳೆದು ನಿಲ್ಲಿಸಿ, ಬೇಲಿ ಗೂಟ ಇದ್ದರೆ ಅದಕ್ಕೇ ವೆಲ್ಕ್ರೋ ಪಟ್ಟಿ ಸುತ್ತಿ.

ಊರಿನಲ್ಲಿ ಕೋಲೂ ಬೇಡ. ನಮ್ಮ ತೋಟದಲ್ಲಿ ನಾನು ಮಾಡಿದ್ದು ಇಷ್ಟು. ಅಡಿಕೆ ಕೊನೆ ಕೊಯ್ಲಿನ ಸಮಯದಲ್ಲಿ ಕೊನೆಗೌಡರು ಮರ ಏರಿದಾಗ ಒಂದು ಸಣ್ಣ ಪ್ಲಾಸ್ಟಿಕ್ ರಾಟೆ ಮೇಲೆ ಕಟ್ಟಿಸಿದೆ. ಅದರಲ್ಲಿ ನೈಲಾನ್ ಹಗ್ಗ ಸದಾ ನೇತಾಡುತ್ತಿರುತ್ತದೆ. ತಂತಿ ಕಟ್ಟಿ ಎಳೆದರೆ ಮುಗಿಯಿತು. "ಬಾವುಟ ಹಾರಿಸ್ತೀರಾ ಅಮ್ಮ?" ಅಂತ ಅವರು ಇವತ್ತಿಗೂ ಕೇಳುತ್ತಾರೆ. ಹಗ್ಗ ಬಿಗಿಯಾಗಿ ಕಟ್ಟಬೇಡಿ. ಗಾಳಿಗೆ ಅಡಿಕೆ ಮರ ತುಂಬಾ ಓಲಾಡುತ್ತದೆ, ತಂತಿ ತುಂಡಾಗುತ್ತದೆ. ಹಗ್ಗದ ಕೆಳತುದಿಗೆ ಅರ್ಧ ಲೀಟರ್ ನೀರಿನ ಬಾಟಲಿ ನೇತು ಹಾಕಿ, ಅದು ಮೇಲೆ ಕೆಳಗೆ ಆಡಿಕೊಂಡಿರಲಿ.

ಮಾಡರೇಟರ್ · ಬುಧವಾರ, ಬೆಳಿಗ್ಗೆ 10:00

ಮರೆಯುವ ಮುನ್ನ: ಲೈಸೆನ್ಸಿನ ವಿಳಾಸ ಬಿಟ್ಟು ಬೇರೆ ಕಡೆ ಆಪರೇಟ್ ಮಾಡುವ ಮೊದಲು ನಿಮ್ಮ ಲೈಸೆನ್ಸಿನ ಷರತ್ತು ಓದಿ. ಪ್ರತಿ ಜೊತೆಗಿರಲಿ. ಅರಣ್ಯ ಇಲಾಖೆಯ ಜಾಗಗಳಲ್ಲಿ ಮೊದಲೇ ಅನುಮತಿ ಕೇಳಿ. ತಂತಿ, ಬ್ಯಾಟರಿ, ಹೆಡ್‌ಫೋನ್ ನೋಡಿ ಜನರಿಗೆ ಅನುಮಾನ ಬರುವುದು ಸಹಜ. ಹತ್ತಿರದ ಊರಿನವರಿಗೆ ಮೊದಲೇ ಏನು ಅಂತ ಹೇಳಿ. ಮಕ್ಕಳಿಗೆ ಹೆಡ್‌ಫೋನ್ ಕೊಟ್ಟರಂತೂ ಊರಿಗೆಲ್ಲ ಅವರೇ ವಿವರಿಸುತ್ತಾರೆ.

ಹಳೇರಿಗ್_ಮೈಸೂರು · ಬುಧವಾರ, ರಾತ್ರಿ 8:30

ಜಾಗದ ಬಗ್ಗೆ ನನ್ನದೂ ಎರಡು ಮಾತು. ಸಾವನದುರ್ಗದಂಥ ಬಂಡೆಗಳಲ್ಲಿ ಹೆಜ್ಜೇನು ಇರುತ್ತದೆ. ದಾರಕ್ಕೆ ಕಲ್ಲು ಕಟ್ಟಿ ಮೇಲಕ್ಕೆ ಎಸೆಯುವ ಮುನ್ನ ತಲೆಯೆತ್ತಿ ಒಂದು ಸಲ ನೋಡಿ. ಕೋತಿ ಇರುವ ಕಡೆ ಬ್ಯಾಗ್ ಜಿಪ್ ಹಾಕಿಯೇ ಇಡಿ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಕೇಳಿದರೆ ತಂತಿ ಇಳಿಸಲು ನಿಂತುಕೊಳ್ಳಬೇಡಿ. ಬಿಟ್ಟು ಇಳಿಯಿರಿ.

ಗಂಭೀರ ವಿಷಯ ಬಂತು ಅಂತ ಇದೂ ಹೇಳುತ್ತೇನೆ. 2004ರ ಡಿಸೆಂಬರಿನಲ್ಲಿ ಹ್ಯಾಮ್ ಭಾರತಿ ಪ್ರಸಾದ್ ಅವರ ತಂಡ ಅಂಡಮಾನಿನ ಪೋರ್ಟ್ ಬ್ಲೇರ್‌ನಲ್ಲಿತ್ತು. ಹೋಗಿದ್ದು ಅಪರೂಪದ ಜಾಗದಿಂದ ಜಗತ್ತಿನ ಹ್ಯಾಮ್‌ಗಳ ಜೊತೆ ಮಾತಾಡಲು. 26ರಂದು ಸುನಾಮಿ ಬಂತು. ಅದೇ ರಿಗ್, ಅದೇ ಆಂಟೆನಾ ಸುದ್ದಿ ಮುಟ್ಟಿಸುವ ಸ್ಟೇಷನ್ ಆಯ್ತು. ಚೀಲ ಯಾವಾಗಲೂ ತುಂಬಿಟ್ಟಿರಬೇಕು ಅಂತ ನಾನು ಗೊಣಗುವುದು ಇದಕ್ಕೇ. ಮನೆ ರಿಗ್‌ನಿಂದ ಕೇಬಲ್ ಕಳಚಿ ಒಯ್ಯುವ ಅಭ್ಯಾಸ ಇಟ್ಟುಕೊಂಡರೆ ಏನಾದರೊಂದು ಮನೆಯಲ್ಲೇ ಉಳಿಯುತ್ತದೆ. ಪೋರ್ಟಬಲ್‌ಗೆ ಅಂತಲೇ ಬೇರೆ ಕೇಬಲ್, ಬೇರೆ ಪೆನ್, ಬೇರೆ ಫ್ಯೂಸ್.

ಕೆಂಗೇರಿ_ತಂತಿ · ಗುರುವಾರ, ರಾತ್ರಿ 9:10

ಈಗಲಾದರೂ ರಿಗ್ ಬಗ್ಗೆ ಹೇಳ್ತೀರಾ? 🙂

ಹಳೇರಿಗ್_ಮೈಸೂರು · ಗುರುವಾರ, ರಾತ್ರಿ 9:35

ಆಯ್ತು. ನಿಮ್ಮ ಬಜೆಟ್‌ಗೆ ಜಿ90. 20 ವ್ಯಾಟ್, ಒಂದು ಕೆಜಿ ಆಸುಪಾಸು, ಒಳಗೇ ಟ್ಯೂನರ್ ಇದೆ. ತಂತಿ ಸ್ವಲ್ಪ ಸೊಟ್ಟ ಆದರೂ ಸಂಭಾಳಿಸುತ್ತದೆ. ಐಸಿ-705 ಚೆಂದದ ರಿಗ್, ಅದರದ್ದೇ ಬ್ಯಾಟರಿಯಲ್ಲಿ 5 ವ್ಯಾಟ್, ಹೊರಗಿನ ಸಪ್ಲೈ ಕೊಟ್ಟರೆ 10. ಆದರೆ ಟ್ಯೂನರ್ ಇಲ್ಲ, ನಿಮ್ಮ ಬಜೆಟ್ಟೂ ದಾಟುತ್ತದೆ. ಎಫ್‌ಟಿ-818 ತಯಾರಿಕೆ ನಿಂತಿದೆ. ಗೊತ್ತಿರುವವರ ಕೈಯಿಂದ ಬಂದರೆ ಮಾತ್ರ ತಗೊಳ್ಳಿ. ಹೊರದೇಶದಿಂದ ತರಿಸುವುದಾದರೆ ಲೈಸೆನ್ಸ್ ಪ್ರತಿ ಮುಂಚೆಯೇ ಸಿದ್ಧ ಇಟ್ಟುಕೊಳ್ಳಿ, ಕಸ್ಟಮ್ಸ್‌ನವರು ಕೇಳುತ್ತಾರೆ.

ಡಾಡಿಟ್_ಶಿರಸಿ · ಗುರುವಾರ, ರಾತ್ರಿ 10:02

ಬೆಸುಗೆ ಹಾಕುವ ಆಸೆ ಇದ್ದರೆ ಮೈಕ್ರೋಬಿಟೆಕ್ಸ್ ಅನ್ನುವ ರಿಗ್ ಕೂಡ ನೋಡಿ. ಹೈದರಾಬಾದಿನ ಅಶ್ಹರ್ ಫರ್ಹಾನ್ ಅವರ ವಿನ್ಯಾಸ. ಅವರ ಬಿಟೆಕ್ಸ್‌ನಿಂದ ಜಗತ್ತಿನ ಎಷ್ಟೋ ಹ್ಯಾಮ್‌ಗಳು ಮನೆಯಲ್ಲೇ ರಿಗ್ ಕಟ್ಟಿದ್ದಾರೆ. ಕೆಳಗಿನ ಬ್ಯಾಂಡ್‌ಗಳಲ್ಲಿ ಸುಮಾರು 10 ವ್ಯಾಟ್, ಮೇಲೆ ಹೋದಂತೆ ಕಡಿಮೆ. ಬೆಟ್ಟದ ಮೇಲೆ ಏನಾದರೂ ಕೆಟ್ಟರೆ ಎಲ್ಲಿ ಕೆಟ್ಟಿದೆ ಅಂತ ಗೊತ್ತಾಗುವ ರಿಗ್ ಅದು. ನನ್ನದು ಈಗಲೂ ಒಂದು ಸ್ಟೀಲ್ ಟಿಫನ್ ಡಬ್ಬಿಯಲ್ಲಿದೆ.

ಕೆಂಗೇರಿ_ತಂತಿ · ಶುಕ್ರವಾರ, ರಾತ್ರಿ 9:20

ಜಿ90 ಬುಕ್ ಮಾಡಿದೆ. ಸೆಲ್‌ಗಳು ಬಂದಿವೆ, ತೂಗಿ ನೋಡಿದೆ ಭಟ್ರೇ, ಸರಿ ಇದೆ. ರಿಗ್‌ನಿಂದ ಆಂಟೆನಾಗೆ ಹೋಗುವ ಕೇಬಲ್ ಒಂದೇ ಬಾಕಿ. ಆರ್‌ಜಿ-174 ಹತ್ತು ಮೀಟರ್ ತಗೊಳ್ಳಲಾ? ಮುಷ್ಟಿಯೊಳಗೆ ಹಿಡಿಸುತ್ತದೆ.

ಬ್ಯಾಟರಿ_ಭಟ್ · ಶುಕ್ರವಾರ, ರಾತ್ರಿ 9:44

20 ಮೀಟರ್ ಬ್ಯಾಂಡಿನಲ್ಲಿ ಹತ್ತು ಮೀಟರ್ ಆರ್‌ಜಿ-174ಗೆ ಒಂದು ಡಿಬಿಗಿಂತ ಸ್ವಲ್ಪ ಜಾಸ್ತಿ ಹೋಗುತ್ತದೆ. ಆರ್‌ಜಿ-58ರಲ್ಲಿ ಅರ್ಧ ಡಿಬಿ, ಆದರೆ ಭಾರ. ಕಾರಿನ ಪಕ್ಕ ಕೂರುವುದಾದರೆ 58. ನಡೆದು ಹತ್ತುವುದಾದರೆ 174, ಎಂಟು ಮೀಟರ್ ಸಾಕು. ಕಂಬ ಆರು ಮೀಟರ್, ನೀವು ಅದರ ಬುಡದಲ್ಲೇ ಕೂರುತ್ತೀರಿ. ಡೈಪೋಲ್ ಕಡೆಯ ಬೆಸುಗೆಗೆ ಕೇಬಲ್ಲಿನ ಭಾರ ಬೀಳದ ಹಾಗೆ ಒಂದು ಟೈ ಹಾಕಿ. ತೆಳು ಕೇಬಲ್ ಕಿತ್ತುಬರುವುದು ಅಲ್ಲೇ.

ಹಳೇರಿಗ್_ಮೈಸೂರು · ಶುಕ್ರವಾರ, ರಾತ್ರಿ 10:05

ರಿಗ್ ಬಂದ ಮೇಲೆ ಮೊದಲ ಭಾನುವಾರ ಬೆಳಿಗ್ಗೆ ಎಂಟೂವರೆಗೆ 7.1 ಮೆಗಾಹರ್ಟ್ಸ್ ಆಸುಪಾಸು ನಾನು ಕೇಳುತ್ತಿರುತ್ತೇನೆ. ಯಾರಾದರೂ ಮಾತಾಡುತ್ತಿದ್ದರೆ 5 ಕಿಲೋಹರ್ಟ್ಸ್ ಮೇಲೆ ಹೋಗೋಣ. ರಿಗ್ ಲೋಯರ್ ಸೈಡ್‌ಬ್ಯಾಂಡ್ (ಎಸ್‌ಎಸ್‌ಬಿಯ ಒಂದು ಬಗೆ) ಮೋಡಿನಲ್ಲಿರಲಿ. ಲಾಗ್‌ನಲ್ಲಿ ಯುಟಿಸಿ (ಅಂತರರಾಷ್ಟ್ರೀಯ ಸಮಯ) ಬರೆಯಿರಿ, 03:00 ಆಗಿರುತ್ತದೆ. ಲಿಂಕ್ ಎರಡೂ ಕಡೆ ಸೇರಿಸಿದ್ದೀರಾ ನೋಡಿಕೊಂಡೇ ಪಿಟಿಟಿ (ಮೈಕಿನ ಮಾತಾಡುವ ಬಟನ್) ಒತ್ತಿ. 73 (ಹ್ಯಾಮ್‌ಗಳ ಶುಭಾಶಯ).

ಡಾಡಿಟ್_ಶಿರಸಿ · ಶುಕ್ರವಾರ, ರಾತ್ರಿ 10:20

ನಾನೂ ಇರುತ್ತೇನೆ. ಧ್ವನಿ ಕೇಳಿಸದಿದ್ದರೆ ಕೀ ತೆಗೆಯಿರಿ, ನಿಧಾನಕ್ಕೆ ಕಳಿಸಿ, ನಾನು ಹಿಡಿಯುತ್ತೇನೆ. 73.